ಗುಲಾಬಿ ವಾಸನೆಯ ಆಂಬುಲೆನ್ಸ್

ಮೈಸೂರಿನ ಆ ಹೋಟೆಲಿನ ಸಭಾಂಗಣದ ಬಾಗಿಲು ತಳ್ಳಿದೊಡನೆ ಮೂಗಿಗೆ ಬಡಿದದ್ದು ಗುಲಾಬಿಯ ವಾಸನೆ. ಗಿಡದ ಗುಲಾಬಿಯದಲ್ಲ, ಡಬ್ಬಿಯಿಂದ ಪುಸ್ಸೆಂದು ಹೊಡೆಯುತ್ತಾರಲ್ಲ, ಆ ಗುಲಾಬಿ. ಏಸಿಯ ತಣ್ಣನೆ ಗಾಳಿಯ ಜೊತೆ ಸೇರಿಕೊಂಡು ಅದು ನೇರ ಗಂಟಲಿಗೇ ಇಳಿಯಿತು. ನನ್ನ ಜೊತೆ ಬಂದಿದ್ದ ಚಿಕ್ಕ ಸಿಸ್ಟರು “ಎಷ್ಟು ಘಮ್ ಅಂತಿದೆ ಅಲ್ವಾ ಮೇಡಂ” ಎಂದಳು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಆ ವಾಸನೆ ನನಗೆ ಹೊಸದಲ್ಲ. ಎಷ್ಟೋ ವರ್ಷಗಳ ಹಿಂದೆ, ನಾನಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಹುಣಸೂರಿನ ಒಂದು ನರ್ಸಿಂಗ್ ಹೋಮಿನ ಆಂಬುಲೆನ್ಸಿನೊಳಗೆ ಇದೇ ವಾಸನೆ ಇರುತ್ತಿತ್ತು. ಅದನ್ನು ಅಲ್ಲಿ ಯಾಕೆ ಹೊಡೆಯುತ್ತಿದ್ದರು ಎಂದು ಹೇಳಿದರೆ ನಿಮಗೂ ಹೇಸಿಗೆಯಾದೀತು. ಹೇಳುತ್ತೇನೆ. ಆದರೆ ಆವತ್ತು ಸಭಾಂಗಣದಲ್ಲಿ ಕೂತಾಗ ಮೊದಲು ನೆನಪಾದದ್ದು ಆ ಗಾಡಿಯಲ್ಲ. ಅದರ ಬಾಗಿಲು ತೆಗೆದು, ಮೂಗು ಮುಚ್ಚಿಕೊಳ್ಳದೆ, “ಥೂ” ಎಂದು ಉಗಿದು ಹೋದ ಒಬ್ಬ ಹೆಂಗಸು. ನಮ್ಮ ಡಾಕ್ಟ್ರಮ್ಮ...

ವೇದಿಕೆಯ ಮೇಲೆ ದೊಡ್ಡ ಬ್ಯಾನರು. ಆರೋಗ್ಯ ಸೇವೆಯಲ್ಲಿ ಪ್ರಾಮಾಣಿಕ ನಾಯಕತ್ವ ಮತ್ತು ಸಂವಹನ ಕೌಶಲ. ಸುತ್ತಲಿನ ತಾಲ್ಲೂಕುಗಳ ಆಸ್ಪತ್ರೆಗಳಿಂದೆಲ್ಲ ಜನ ಬಂದಿದ್ದರು. ಕೆ.ಆರ್. ನಗರದ ನಮ್ಮ ಆಸ್ಪತ್ರೆಯಿಂದ ನಾವಿಬ್ಬರು. ನಾನು ಈಗ ಅಲ್ಲಿನ ನರ್ಸುಗಳ ಮೇಲ್ವಿಚಾರಕಿ, ತಪ್ಪಿಸಿಕೊಳ್ಳುವಂತಿರಲಿಲ್ಲ. ಬೆಳಗಿನ ಹೊತ್ತು ಕೋಟು ತೊಟ್ಟ ಹುಡುಗಿಯೊಬ್ಬಳು ನಮಗೆ ಸಾವಿನ ಸುದ್ದಿ ಹೇಳುವುದನ್ನು ಕಲಿಸಿದಳು. ತಲೆಯನ್ನು ಯಾವ ಕಡೆಗೆ ಎಷ್ಟು ವಾಲಿಸಬೇಕು, ದನಿಯನ್ನು ಎಲ್ಲಿ ಇಳಿಸಬೇಕು, ಎದೆಯ ಮೇಲೆ ಕೈ ಇಟ್ಟುಕೊಳ್ಳಬೇಕೋ ಬೇಡವೋ. ಆಮೇಲೆ ಜೋಡಿ ಮಾಡಿ ಅಭ್ಯಾಸ. ಪಿರಿಯಾಪಟ್ಟಣದ ಕಡೆಯ ಒಬ್ಬ ದಪ್ಪನೆಯ ಮ್ಯಾನೇಜರು ನನ್ನ ಪಾಲಿಗೆ ಬಂದ. ನನ್ನ ಗಂಡ ಸತ್ತಿದ್ದಾನೆಂದು ಬಾಯಿ ತುಂಬ ನಗುತ್ತಾ ನನಗೆ ತಿಳಿಸಿದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಹುಡುಗಿ “ಸೂಪರ್ ಸರ್, ತುಂಬಾ ಪಾಸಿಟಿವ್ ಆಗಿತ್ತು” ಎಂದಳು. ನನ್ನ ಗಂಡ ಆ ಹೊತ್ತಿಗೆ ಮನೆಯಲ್ಲಿ ಟೀವಿ ನೋಡುತ್ತಾ ಕೂತಿದ್ದಿರಬೇಕು. ಆದರೂ ಮೈಯೆಲ್ಲ ಉರಿದುಹೋಯಿತು.

ಡಾಕ್ಟ್ರಮ್ಮ ಇದನ್ನು ನೋಡಿದ್ದರೆ ಆ ಮ್ಯಾನೇಜರಿನ ತಲೆಯ ಮೇಲೆ ಟ್ರೇ ಎಸೆಯುತ್ತಿದ್ದರು. ಉತ್ಪ್ರೇಕ್ಷೆಯಲ್ಲ, ಅವರು ನಿಜಕ್ಕೂ ಟ್ರೇ ಎಸೆಯುತ್ತಿದ್ದರು. ನನ್ನ ಮೇಲೂ ಒಮ್ಮೆ ಎಸೆದಿದ್ದಾರೆ.

ಹುಣಸೂರಿನ ಆ ನರ್ಸಿಂಗ್ ಹೋಮ್ ಈಗ ಇಲ್ಲ. ಆ ಕಟ್ಟಡದಲ್ಲೀಗ ಟೈಲ್ಸ್ ಅಂಗಡಿ ಇದೆ. ಅದರ ಮಾಲೀಕರೂ ಡಾಕ್ಟರೇ. ನಾವೆಲ್ಲ ಅವರನ್ನು ದೊಡ್ಡ ಸರ್ ಎನ್ನುತ್ತಿದ್ದೆವು. ದೊಡ್ಡ ಸರ್ ಮಾತೆಂದರೆ ಬೆಣ್ಣೆ. ಬಾಗಿಲಲ್ಲಿ ಯಾರೇ ಎದುರಾಗಲಿ, ಭುಜದ ಮೇಲೆ ಕೈಯಿಟ್ಟು “ಏನ್ ತಾಯಿ, ಊಟ ಆಯ್ತಾ?” ಎನ್ನುತ್ತಿದ್ದರು. ಉತ್ತರಕ್ಕೆ ಕಾಯುತ್ತಿರಲಿಲ್ಲ. ರೋಗಿಯ ಕಡೆಯವರು ಅವರ ಕಾಲಿಗೆ ಬೀಳುತ್ತಿದ್ದರು. ಆ ಬಾಯಿಂದ ಒಂದು ಕೆಟ್ಟ ಸುದ್ದಿಯನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಯಾಕೆಂದರೆ ಅವರ ಆಸ್ಪತ್ರೆಯಲ್ಲಿ ಯಾರೂ ಸಾಯುತ್ತಲೇ ಇರಲಿಲ್ಲ.

ಹೇಗೆಂದು ಕೇಳಿ. ರೋಗಿಯ ಉಸಿರು ನಿಲ್ಲುವ ಹಾಗಾದರೆ, ಎಷ್ಟೋ ಸಲ ನಿಂತ ಮೇಲೆಯೂ, ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ತೆಗೆಯುತ್ತಿರಲಿಲ್ಲ. ಡ್ರಿಪ್ ಕೂಡ ಹಾಗೇ ನೇತಾಡುತ್ತಿರಬೇಕು. ದೊಡ್ಡ ಸರ್ ಹೊರಗೆ ಬಂದು “ಉಸಿರಾಟ ಸ್ವಲ್ಪ ವೀಕಾಗಿದೆ, ಮೈಸೂರಿಗೆ ಕರ್ಕೊಂಡು ಹೋದ್ರೆ ಚಾನ್ಸ್ ಇದೆ” ಎನ್ನುತ್ತಿದ್ದರು. ಆಂಬುಲೆನ್ಸ್ ಬಾಗಿಲಿಗೆ ಬರುತ್ತಿತ್ತು. ಒಳಗಿನ ರಕ್ತ ಮತ್ತು ಮೂತ್ರದ ವಾಸನೆ ಮುಚ್ಚಲು ಡ್ರೈವರು ಆ ಗುಲಾಬಿ ಡಬ್ಬಿ ಹೊಡೆದಿಟ್ಟಿರುತ್ತಿದ್ದ. ಬಿಳಿಕೆರೆ ದಾಟುವಷ್ಟರಲ್ಲಿ ಕಾಲು ತಣ್ಣಗಾಗಿರುತ್ತಿತ್ತು. ಹೆಂಡತಿಯೋ ಮಗನೋ ಹೆಣದ ಮುಖದ ಮೇಲಿನ ಮಾಸ್ಕನ್ನು ಜಾರದ ಹಾಗೆ ಹಿಡಿದುಕೊಂಡು, ದೇವರಿಗೆ ಹರಕೆ ಹೊರುತ್ತಾ, ಮೈಸೂರಿನವರೆಗೆ ಹೋಗುತ್ತಿದ್ದರು. ಅಲ್ಲಿನವರು ಬಾಗಿಲಲ್ಲೇ ನೋಡಿ, ದಾರಿಯಲ್ಲಿ ಹೋಗಿದೆ ಎಂದು ವಾಪಸು ಕಳಿಸುತ್ತಿದ್ದರು.

ಊರಾಚೆ ಪ್ರಾಣ ಬಿಟ್ಟವರನ್ನು ಹೊಸಿಲು ದಾಟಿಸದ ಮನೆಗಳು ನಮ್ಮ ಕಡೆ ಈಗಲೂ ಇವೆ. ಅಂಗಳದಲ್ಲೇ ಮಲಗಿಸಿ, ಅಲ್ಲಿಂದಲೇ ಎತ್ತಿಬಿಡುತ್ತಾರೆ. ಉಳಿಯುವ ಜೀವವಲ್ಲ ಎಂದು ಮೊದಲೇ ಒಂದು ಮಾತು ಹೇಳಿದ್ದರೆ, ಅವರೆಲ್ಲ ತಮ್ಮ ಮನೆಯೊಳಗೆ, ತಮ್ಮ ಚಾಪೆಯ ಮೇಲೆ, ಬಾಯಿಗೆ ಎರಡು ಹನಿ ನೀರು ಬಿಡಿಸಿಕೊಂಡು ಸಾಯುತ್ತಿದ್ದರು. ಆ ಒಂದು ಮಾತನ್ನು ದೊಡ್ಡ ಸರ್ ಯಾರಿಗೂ ಕೊಡಲಿಲ್ಲ.

ಅಂಥ ಜಾಗಕ್ಕೆ ಬಂದವರು ಡಾಕ್ಟ್ರಮ್ಮ. ಸರಗೂರಿನ ಕಡೆಯ ಒಕ್ಕಲು ಮನೆತನ. ಹೆರಿಗೆ ಡಾಕ್ಟರು. ಓದಿದ್ದೆಲ್ಲ ದೊಡ್ಡ ಊರುಗಳಲ್ಲಾದರೂ ಬಾಯಿ ಮಾತ್ರ ಹೊಲದ ಬದುವಿನಲ್ಲೇ ಉಳಿದಿತ್ತು. ನೋಡಿದ ಮೊದಲ ದಿನವೇ ನನಗೆ ಅವರು ಅಸಹ್ಯವೆನಿಸಿದರು. ಸುಳ್ಳು ಯಾಕೆ ಹೇಳಲಿ. ಏಪ್ರನ್ನಿನ ಜೇಬಿನ ತುಂಬ ಹುರಿದ ಕಡಲೆಕಾಯಿ, ಸಿಪ್ಪೆಯೆಲ್ಲ ಡ್ರೆಸಿಂಗ್ ಟ್ರೇಯಲ್ಲಿ. ಡ್ಯೂಟಿ ರೂಮಿನಲ್ಲಿ ಮಲಗಿದರೆ ಗೊರಕೆ ವಾರ್ಡಿನವರೆಗೆ ಕೇಳಿಸುತ್ತಿತ್ತು. ಹೆರಿಗೆ ನೋವಿನಲ್ಲಿ ಕಿರುಚುವ ಹುಡುಗಿಯರನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಅದನ್ನು ಮಾತ್ರ ನಾನು ಈಗಲೂ ಒಪ್ಪುವುದಿಲ್ಲ. ಅವರ ಬಗ್ಗೆ ಎಷ್ಟು ಗೌರವ ಬಂದ ಮೇಲೂ ಅದು ಹೇಸಿಗೆಯೇ.

ಅವರು ಬಂದ ಹೊಸದರಲ್ಲಿ ವೀರನಹೊಸಹಳ್ಳಿ ಕಡೆಯ ಒಬ್ಬ ಮುದುಕರು ದಾಖಲಾಗಿದ್ದರು. ಶ್ವಾಸಕೋಶ ಪೂರ್ತಿ ಹಾಳಾಗಿತ್ತು. ದೊಡ್ಡ ಸರ್ ಎಂದಿನಂತೆ ಮೈಸೂರಿನ ಮಾತು ತೆಗೆಯುವ ಮೊದಲೇ ಡಾಕ್ಟ್ರಮ್ಮ ಹೊರಗೆ ಹೋದರು. ಮುದುಕರ ಹೆಂಡತಿ ಕಾರಿಡಾರಿನ ನೆಲದ ಮೇಲೆ ಗಂಟುಮೂಟೆಗೆ ಒರಗಿ ಕೂತಿದ್ದರು. ಡಾಕ್ಟ್ರಮ್ಮ ಅವರ ಪಕ್ಕದಲ್ಲಿ, ಆ ಕೊಳಕು ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತರು.

“ಅವ್ವ, ನಿನ್ ಯಜಮಾನ್ರು ಉಳಿಯಕಿಲ್ಲ. ಇವತ್ತೋ ನಾಳೆಯೋ ಸಾಯ್ತಾರೆ. ಮನೇಲಿ ಮನಗಿಸ್ಬೇಕು ಅಂತಿದ್ರೆ ಈಗ್ಲೇ ಕರ್ಕಂಡೋಗು.”

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಇದೆಂಥ ಹೆಂಗಸು, ಬದುಕಿರುವವರನ್ನು ಸಾಯುತ್ತಾರೆ ಎಂದುಬಿಟ್ಟಳಲ್ಲ ಎಂದು. ಆ ಅಜ್ಜಿ ಎದ್ದು ಸೀರೆ ಕೊಡವಿಕೊಂಡು, ಮಗನನ್ನು ಕರೆದು ಗಾಡಿ ತರಲು ಹೇಳಿದರು. ಮುದುಕರು ಅವತ್ತು ಸಂಜೆ ಮನೆಯಲ್ಲಿ ಸತ್ತರಂತೆ. ದೊಡ್ಡ ಸರ್ ಡಾಕ್ಟ್ರಮ್ಮನ ಭುಜದ ಮೇಲೆ ಕೈಯಿಟ್ಟು, “ನೀವು ಸ್ವಲ್ಪ ಸಾಫ್ಟಾಗಿ ಮಾತಾಡೋದು ಕಲೀಬೇಕು ಡಾಕ್ಟ್ರೇ” ಎಂದರು. ಡಾಕ್ಟ್ರಮ್ಮ ಭುಜ ಕೊಡವಿ ಕಡಲೆಕಾಯಿ ಬಿಡಿಸಿದರು.

ಮಾರನೆಯ ದಿನ ನನ್ನನ್ನು ಖಾಲಿ ಇದ್ದ ವಾರ್ಡಿಗೆ ಕರೆದರು. ನಾನು ಅವರ ಬೆನ್ನ ಹಿಂದೆ ಮೂಗು ಮುರಿದದ್ದು ಕಿವಿಗೆ ಬಿದ್ದಿರಬೇಕು ಎಂದುಕೊಂಡು ಹೋದೆ. ಅವರು ನೆಲದ ಮೇಲೆ ಕೂತಿದ್ದರು.

“ನಾನು ಎಣದ್ ಕಡೆಯೋಳು ಅನ್ಕೊ. ನಂಗೆ ಏಳು ನೋಡಾನ.”

ನಾನು ನಿಂತುಕೊಂಡೇ ಸಾವಿನ ಸುದ್ದಿ ಹೇಳಲು ಹೊರಟು, ನಮ್ಮ ಪ್ರಯತ್ನ ನಾವು ಮಾಡಿದೆವು, ಎಲ್ಲ ದೇವರ ಕೈಲಿತ್ತು ಎಂದೆಲ್ಲ ಏನೋ ಅಂದೆ. ಅವರು ತಲೆ ಚಚ್ಚಿಕೊಂಡರು.

“ಕೂತ್ಕೊ ಮೊದ್ಲು. ನಿಂತ್ಕಂಡು ಏಳಿದ್ರೆ ಪೊಲೀಸ್ನೋರು ಏಳ್ದಂಗಿರ್ತದೆ ಕಣಮ್ಮಿ. ದೇವ್ರನ್ನ ಯಾಕ್ ಎಳ್ಕಂಡ್ ಬತ್ತೀಯ ಮಧ್ಯಕ್ಕೆ? ಸತ್ರು ಅನ್ನು. ಗಟ್ಟಿಯಾಗ್ ಅನ್ನು, ಗೊಣಗ್ಬ್ಯಾಡ. ನೀನು ಅರ್ಧ ಏಳಿದ್ರೆ ಅವ್ರು ಇನ್ನರ್ಧ ಆಸೆ ಇಟ್ಕತಾರೆ.”

ಸಂಜೆವರೆಗೂ ಬಿಡಲಿಲ್ಲ. ನನಗೆ ಅಳು ಬಂತು. ನಾನು ಹೇಳಿದ್ದು ಸರಿಯಾಯಿತು ಎಂದು ಕೊನೆಗೂ ಹೇಳಲಿಲ್ಲ. ಒಂದು ಹಿಡಿ ಕಡಲೆಕಾಯಿ ಕೈಗೆ ಸುರಿದು ಎದ್ದು ಹೋದರು. ನಾನು ಅದನ್ನು ಕಿಟಕಿಯಿಂದಾಚೆ ಎಸೆದೆ. ಅವರ ಜೇಬಿನದನ್ನು ತಿನ್ನಲು ಮನಸ್ಸು ಬರಲಿಲ್ಲ.

ಅದಾದ ಮೇಲಿನ ವರ್ಷ, ಹೊಗೆಸೊಪ್ಪು ಮುರಿದು ಗೂಡುಗಳಲ್ಲಿ ಒಣ ಬಿಸಿಗೆ ಬೇಯಿಸುವ ಕಾಲ. ಆ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಮೈತುಂಬ ಸೊಪ್ಪಿನ ವಾಸನೆ ಹೊತ್ತ ಜನವೇ ಆಸ್ಪತ್ರೆಗೆ ಬರುತ್ತಿದ್ದರು. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಿಂದ ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿಯೊಬ್ಬಳನ್ನು ಅವಳ ತಾಯಿ ಕರೆದುಕೊಂಡು ಬಂದರು. ಹುಡುಗಿ ಬಿಳಿಚಿಕೊಂಡಿದ್ದಳು. ಹಿಂದಿನ ಸಲ ತೋರಿಸಲು ಬಂದಾಗಲೇ ಡಾಕ್ಟ್ರಮ್ಮ ದೊಡ್ಡ ಸರ್‌ಗೆ ನನ್ನೆದುರೇ ಹೇಳಿದ್ದರು, “ಈ ಉಡ್ಗೀಗೆ ರಕ್ತ ಕಮ್ಮಿ ಅದೆ ಸಾರ್. ಎರಿಗೆ ಒತ್ಗೆ ಮೈಸೂರಿಂದ ರಕ್ತ ತರ್ಸಿ ಮಡಗ್ಬೇಕು.” ದೊಡ್ಡ ಸರ್ ನಕ್ಕು, “ಬೇಕಾದಾಗ ಒಂದು ಫೋನ್ ಮಾಡಿದ್ರೆ ಆಯ್ತಲ್ಲ ಡಾಕ್ಟ್ರೇ” ಎಂದಿದ್ದರು.

ಮಧ್ಯಾಹ್ನದ ಊಟದ ಹೊತ್ತಿಗೆ ಹೆರಿಗೆಯಾಯಿತು. ಮಗು ಚೆನ್ನಾಗಿ ಅತ್ತಿತು. ನಾನು ಅದನ್ನು ಎತ್ತಿಕೊಂಡು ಮೂಲೆಯ ಮೇಜಿನ ಮೇಲೆ ಒರೆಸುತ್ತಿದ್ದೆ. ಹುಡುಗಿ ಅಷ್ಟು ಸುಸ್ತಿನಲ್ಲೂ ತಲೆ ಎತ್ತಲು ನೋಡಿದಳು.

“ಏನ್ ಮಗ ಡಾಕ್ಟ್ರಮ್ಮ?”

“ಎಣ್ಣು ಕಣಮ್ಮಿ.”

“ತೋರ್ಸಿ...”

ಅಷ್ಟರಲ್ಲಿ ಡಾಕ್ಟ್ರಮ್ಮ ರಕ್ತ ನೋಡಿದ್ದರು. “ತಡಿಯಮ್ಮಿ, ಆಮೇಲ್ ನೋಡೀಯಂತೆ” ಎಂದು ಅವಳನ್ನು ಮಲಗಿಸಿದರು. ಆಮೇಲೆ ಎಂಬುದು ಬರಲಿಲ್ಲ. ಗರ್ಭಕೋಶ ಬಿಗಿಯಲೇ ಇಲ್ಲ. ಡಾಕ್ಟ್ರಮ್ಮ ಎರಡೂ ಕೈಯಿಂದ ಒತ್ತಿ ಹಿಡಿದು, ಇಂಜೆಕ್ಷನ್ನಿಗೆ, ಡ್ರಿಪ್ಪಿಗೆ ನನ್ನ ಮೇಲೆ ಕೂಗುತ್ತಿದ್ದರು. ಮೈಸೂರಿಗೆ ಫೋನ್ ಹೋಯಿತು. ರಕ್ತ ಹೊರಟಿದೆ ಎಂದರು, ಇಲವಾಲ ದಾಟಿದೆ ಎಂದರು... ಅದು ಹುಣಸೂರು ತಲುಪುವಾಗ ಹುಡುಗಿ ಸತ್ತಿದ್ದಳು.

ದೊಡ್ಡ ಸರ್ ಒಳಗೆ ಬಂದರು. ಹುಡುಗಿಯ ಮುಖ ನೋಡಿದರು. ಅವರ ದನಿ ಅವತ್ತೂ ಬೆಣ್ಣೆಯ ಹಾಗೇ ಇತ್ತು.

“ಮಾಸ್ಕ್ ಹಾಗೇ ಇರ್ಲಿ. ಗಾಡಿ ರೆಡಿ ಮಾಡ್ಸಿದೀನಿ. ಸಿಸ್ಟರ್, ಮುಖ ಒರೆಸಿ ತಲೆ ಬಾಚಿಬಿಡಿ. ನೀಟಾಗಿ ಕಾಣ್ಲಿ.”

ನನ್ನ ಕೈಗೆ ಬಾಚಣಿಗೆ ಕೊಟ್ಟರು. ಅವರ ಸ್ವಂತದ ಬಾಚಣಿಗೆ, ಪ್ಯಾಂಟಿನ ಜೇಬಿನಿಂದ ತೆಗೆದದ್ದು. ಎಣ್ಣೆಯ ಜಿಡ್ಡು ಹಲ್ಲುಗಳ ನಡುವೆ ಕೂತಿತ್ತು. ಇದನ್ನು ಬರೆಯುವಾಗಲೂ ನನ್ನ ಬೆರಳುಗಳು ಮುದುಡಿಕೊಳ್ಳುತ್ತವೆ. ಡಾಕ್ಟ್ರಮ್ಮ ಆ ಬಾಚಣಿಗೆಯನ್ನು ನನ್ನ ಕೈಯಿಂದ ಕಿತ್ತು ಕಸದ ಬಕೀಟಿಗೆ ಹಾಕಿದರು. ಮಾಸ್ಕ್ ತೆಗೆದರು. ಹುಡುಗಿಯ ಕಣ್ಣು ಮುಚ್ಚಿ, ಬಟ್ಟೆ ಎಳೆದು ಹೊದಿಸಿದರು. ಹೊರಗೆ ಹೋಗಿ, ಬಾಗಿಲಿಗೆ ತಂದು ನಿಲ್ಲಿಸಿದ್ದ ಆಂಬುಲೆನ್ಸಿನ ಹಿಂಬಾಗಿಲು ತೆಗೆದರು. ಗುಲಾಬಿ ವಾಸನೆ ಕಾರಿಡಾರಿಗೆಲ್ಲ ಹರಡಿತು.

“ಥೂ.”

ಬಾಗಿಲನ್ನು ಬಡಿದು ಮುಚ್ಚಿ ಒಳಗೆ ಬಂದರು. ಹುಡುಗಿಯ ತಾಯಿ ಮೆಟ್ಟಿಲಿನ ಕೆಳಗೆ, ಬಾಣಂತಿಗೆಂದು ತಂದ ಬಿಸಿನೀರಿನ ಫ್ಲಾಸ್ಕು, ಹಳೆ ಸೀರೆ ಹರಿದು ಮಡಿಸಿಟ್ಟ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹುಡುಗಿಯ ಅಣ್ಣ ಸೊಪ್ಪು ಮುರಿಯುವುದನ್ನು ಬಿಟ್ಟು ನೇರವಾಗಿ ಓಡಿ ಬಂದಿದ್ದ, ಅಂಗೈಗಳೆಲ್ಲ ಹೊಗೆಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಊರಿನವರೂ ಕೆಲವರು ಬಂದು ಸೇರಿದ್ದರು. ಡಾಕ್ಟ್ರಮ್ಮ ತಾಯಿಯ ಎದುರು ನೆಲದ ಮೇಲೆ ಕೂತರು. ಕೈಗಳ ರಕ್ತ ತೊಳೆದಿರಲಿಲ್ಲ.

“ಅವ್ವ, ನಿನ್ ಮಗಳು ಸತ್ತೋದ್ಲು.”

ತಾಯಿಗೆ ಅರ್ಥವಾಗಲಿಲ್ಲ. “ಮೈಸೂರ್ಗೆ ಕರ್ಕಂಡೋಯ್ತಾರಂತಲ್ಲ... ಗಾಡಿ ನಿಂತದಲ್ಲ...”

“ಆ ಗಾಡಿ ಸುಳ್ಳು ಕಣವ್ವ. ಅವ್ಳು ಸತ್ಲು. ನನ್ ಕೈಲೇ ಸತ್ಲು. ರಕ್ತ ನಿಲ್ಸಕ್ಕಾಗ್ಲಿಲ್ಲ ನಂಗೆ. ಮೊದ್ಲೇ ರಕ್ತ ತರ್ಸಿ ಮಡಗಿರ್ಬೇಕಿತ್ತು, ಮಡಗಿರ್ಲಿಲ್ಲ. ಅದು ನಮ್ ತಪ್ಪು.”

ಅಣ್ಣ ಅವರ ಏಪ್ರನ್ನನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆಳೆದ. ಏನೇನೋ ಕೂಗುತ್ತಿದ್ದ. ಹಿಂದಿದ್ದವರು ಬಡೀರ್ಲಾ ಎನ್ನುತ್ತಿದ್ದರು. ಡಾಕ್ಟ್ರಮ್ಮ ಬಿಡಿಸಿಕೊಳ್ಳಲಿಲ್ಲ, ಏಳಲೂ ಇಲ್ಲ. ಆಗ ತಾಯಿ ಕೇಳಿದರು. ದನಿ ಅಷ್ಟು ಸಣ್ಣಗಿದ್ದರೂ ಕೂಗುತ್ತಿದ್ದವರೆಲ್ಲ ನಿಲ್ಲಿಸಿದರು.

“ಕೂಸಿನ್ ಮಕ ನೋಡುದ್ಲಾ?”

ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಹೂಂ ಎನ್ನುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹೂಂ ಎನ್ನುತ್ತಿದ್ದೆ, ಯಾರಾದರೂ ಹೂಂ ಎನ್ನುತ್ತಿದ್ದರು. ಡಾಕ್ಟ್ರಮ್ಮ ಆ ತಾಯಿಯ ಮುಖವನ್ನೇ ನೋಡಿ ಹೇಳಿದರು.

“ಇಲ್ಲ ಕಣವ್ವ. ನೋಡ್ಲಿಲ್ಲ. ಅತ್ತುದ್ದು ಕೇಳುಸ್ಕಂಡ್ಲು. ತೋರ್ಸಿ ಅಂದ್ಲು. ನಾನೇ ತಡಿ ಅಂದೆ.”

ಆ ತಾಯಿ ಎದೆ ಬಡಿದುಕೊಂಡು ಅತ್ತ ಸದ್ದು... ಅದನ್ನು ಬರೆಯುವ ಶಕ್ತಿ ನನಗಿಲ್ಲ. ಡಾಕ್ಟ್ರಮ್ಮನಿಗೆ ಶಾಪ ಹಾಕಿದರು. ನಿನ್ನ ವಂಶ ಹಾಳಾಗಲಿ ಎಂದರು. ಡಾಕ್ಟ್ರಮ್ಮ ಕೂತೇ ಇದ್ದರು. ಅಣ್ಣನ ಕೈ ತಾನಾಗಿಯೇ ಸಡಿಲವಾಯಿತು. ಆಮೇಲೆ ಡಾಕ್ಟ್ರಮ್ಮ ಎದ್ದು ಬಂದು, ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಹೋಗಿ ಅದರ ಅಜ್ಜಿಯ ಮಡಿಲಲ್ಲಿಟ್ಟರು. ದೊಡ್ಡ ಸರ್ ಎಲ್ಲೂ ಕಾಣಲಿಲ್ಲ. ಮಹಡಿಯ ಮೇಲಿನ ಅವರ ರೂಮಿನ ಬಾಗಿಲು ಚಿಲಕ ಹಾಕಿತ್ತು. ಜನ ಅದರ ಕಿಟಕಿಗೆ ಕಲ್ಲು ಹೊಡೆದರು. ಪೊಲೀಸರು ಬಂದ ಮೇಲೆ ಸರ್ ಇಳಿದು ಬಂದು ಇನ್‌ಸ್ಪೆಕ್ಟರ ಭುಜದ ಮೇಲೆ ಕೈಯಿಟ್ಟರು.

ಆ ದಿನ ನನಗೆ ದೊಡ್ಡ ಸರ್ ಮೇಲಿಗಿಂತ ಡಾಕ್ಟ್ರಮ್ಮನ ಮೇಲೇ ಸಿಟ್ಟು ಬಂದಿತ್ತು. ಸತ್ತಳೆಂದು ಹೇಳಿದ್ದು ಸರಿ. ತಪ್ಪು ನಮ್ಮದೆಂದು ಹೇಳಿದ್ದೂ ಸರಿ. ಆದರೆ ಮಗಳು ಮಗುವನ್ನು ನೋಡಿದಳು ಎಂದು ಒಂದು ಸುಳ್ಳು ಹೇಳಿದ್ದರೆ ಈ ಹೆಂಗಸಿನ ಗಂಟು ಏನು ಹೋಗುತ್ತಿತ್ತು? ಕೇಳಿಯೂ ಬಿಟ್ಟೆ. ಅವರು ಏಪ್ರನ್ನಿನ ಎದೆಯ ಮೇಲೆ ಮೂಡಿದ್ದ ಎರಡು ಕಪ್ಪು ಅಂಗೈ ಗುರುತನ್ನು ನಲ್ಲಿಯ ಕೆಳಗೆ ಸೋಪು ಹಾಕಿ ಉಜ್ಜುತ್ತಿದ್ದರು. ಸೊಪ್ಪಿನ ಅಂಟು ಸೋಪಿಗೆ ಹೋಗುವುದಿಲ್ಲ.

“ಒಂದ್ ಸುಳ್ಳು ಏಳಿದ್ರೆ ಬಾಕಿದೆಲ್ಲ ಸುಳ್ಳೇ ಅನ್ಕತಾಳೆ ಕಣಮ್ಮಿ ಅವ್ಳು” ಎಂದರು. ಆಮೇಲೆ ನಲ್ಲಿ ನಿಲ್ಲಿಸದೆ ಸುಮಾರು ಹೊತ್ತು ಹಾಗೇ ನಿಂತಿದ್ದರು. ಅಳುತ್ತಿದ್ದರು ಎಂದು ನನಗೆ ಗೊತ್ತಾದದ್ದು ಹೊರಗೆ ಬಂದ ಮೇಲೆ.

ವಾರ ತುಂಬುವ ಮೊದಲೇ ಅವರನ್ನು ಕೆಲಸದಿಂದ ತೆಗೆದರು. ಆ ಹುಡುಗಿಯ ಊರಿನವರನ್ನು ಕೂರಿಸಿಕೊಂಡು ದೊಡ್ಡ ಸರ್ ಹೇಳಿದ್ದು ನಾನು ಕಿವಿಯಾರೆ ಕೇಳಿದ್ದು. ಆ ಡಾಕ್ಟರು ಬೇಜವಾಬ್ದಾರಿ ಹೆಂಗಸು, ತಪ್ಪನ್ನು ಅವರೇ ಒಪ್ಪಿಕೊಂಡಿದ್ದಾರೆ, ನೀವೇ ಕೇಳಿದ್ದೀರಲ್ಲ, ಅದಕ್ಕೇ ಓಡಿಸಿದ್ದೇನೆ. ನಿಜವನ್ನೂ ಹೀಗೆ ಹೊಲಸು ಮಾಡಬಹುದೆಂದು ನನಗೆ ಅವತ್ತು ಗೊತ್ತಾಯಿತು. ನಾನೂ ಹೆಚ್ಚು ದಿನ ಅಲ್ಲಿರಲಿಲ್ಲ.

ಡಾಕ್ಟ್ರಮ್ಮ ಸರಗೂರಿಗೆ ಹೋಗಿ, ಗೊಬ್ಬರದ ಅಂಗಡಿಯ ಪಕ್ಕ ಒಂದು ಚಿಕ್ಕ ಕ್ಲಿನಿಕ್ ಹಾಕಿಕೊಂಡರು. ನಾನು ಕೋಟೆ ತಾಲ್ಲೂಕಿನ ಕಡೆಗೆ ಹೋದಾಗಲೆಲ್ಲ ಇಳಿದು ನೋಡಿ ಬರುತ್ತಿದ್ದೆ. ಅದೇ ಬಾಯಿ, ಅದೇ ಸಿಪ್ಪೆ. ಒಂದು ಸಲ ಹೋದಾಗ ಬೆಂಚಿನ ಮೇಲೆ ಒಬ್ಬ ಹೆಂಗಸು ಜ್ವರ ಬಂದ ಪುಟ್ಟ ಹುಡುಗಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದರು. ನೋಡಿದ ತಕ್ಷಣ ಗುರುತು ಸಿಕ್ಕಿತು. ಅದೇ ತಾಯಿ. ಪಿರಿಯಾಪಟ್ಟಣದಿಂದ ಹುಣಸೂರು, ಅಲ್ಲಿಂದ ಕೋಟೆ, ಅಲ್ಲಿಂದ ಸರಗೂರು, ಇಷ್ಟು ಬಸ್ಸು ಬದಲಿಸಿಕೊಂಡು ಬಂದಿದ್ದರು. ನಿಮ್ಮೂರಲ್ಲಿ ಡಾಕ್ಟರಿಲ್ಲವೇ ಎಂದು ಕೇಳಿದೆ.

“ಅವ್ರೆ ಕಣವ್ವ, ಬೇಕಾದಷ್ಟ್ ಜನ ಅವ್ರೆ. ಎಲ್ರೂ ಏನಿಲ್ಲ ಏನಿಲ್ಲ ಅಂತಾರೆ. ಈ ಯಮ್ಮ ಏನಿಲ್ಲ ಅಂದ್ರೆ ಏನೂ ಇರಕಿಲ್ಲ.”

ಡಾಕ್ಟ್ರಮ್ಮ ಒಳಗಿನಿಂದ, “ಏನ್ ಅರಟೆ ಒಡೀತಾ ಕೂತಿದ್ದೀರಿ, ಮಗೀನ್ ಕರ್ಕಂಡ್ ಬನ್ನಿ” ಎಂದು ಗದರಿದರು. ಅವರ ಏಪ್ರನ್ನಿನ ಮೇಲೆ ಆ ಗುರುತು ಮಾಸಲಾಗಿ ಇನ್ನೂ ಇತ್ತು. ಯಾಕೆ ಬದಲಿಸಿಲ್ಲ ಎಂದು ನಾನು ಕೇಳಲಿಲ್ಲ. ಅದಾಗಿ ಕೆಲವು ವರ್ಷಕ್ಕೆ ಅವರು ಸತ್ತರು. ತೀರಿಕೊಂಡರು ಎಂದು ಬರೆಯಲು ಹೋಗಿ ಹೊಡೆದುಹಾಕಿದ್ದೇನೆ. ಕಿಡ್ನಿ ಹೋಗಿತ್ತು. ತಮಗೆ ಉಳಿದಿರುವ ದಿನ ಎಷ್ಟೆಂದು ತಾವೇ ಮನೆಯವರನ್ನು ಕೂರಿಸಿಕೊಂಡು ಹೇಳಿದ್ದರಂತೆ.

ಇಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗಲೇ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದು, ವಿಶೇಷ ಉಪನ್ಯಾಸವೆಂದು ಕೂಗಿದರು. ಕೋಟಿನ ಹುಡುಗಿ ಯಾರನ್ನೋ ಹೊಗಳಿ ಹೊಗಳಿ ವೇದಿಕೆಗೆ ಕರೆದಳು. ಬಂದವರು ದೊಡ್ಡ ಸರ್. ಕೂದಲಿಗೆ ಕಪ್ಪು ಬಣ್ಣ, ರೇಷ್ಮೆಯ ಜುಬ್ಬಾ, ಅದೇ ಮುಖ. ಈಗ ಆಸ್ಪತ್ರೆ ಬಿಟ್ಟು, ಆಸ್ಪತ್ರೆಯವರಿಗೆ ಮಾತಾಡುವುದು ಕಲಿಸುತ್ತಾರಂತೆ. ಮುಂದಿನ ಸಾಲಿನವರ ಭುಜ ಮುಟ್ಟುತ್ತಲೇ ಮೈಕು ಹಿಡಿದರು.

ನಾಯಕನಾದವನಿಗೆ ಧೈರ್ಯ ಬೇಕು ಎಂದರು. ಒಂದು ಘಟನೆ ಹೇಳುತ್ತೇನೆ ಎಂದು ಕನ್ನಡಕ ತೆಗೆದರು. ಹುಣಸೂರಿನಲ್ಲಿ ತಮ್ಮದೊಂದು ಚಿಕ್ಕ ಆಸ್ಪತ್ರೆಯಿತ್ತು, ಬಾಣಂತಿಯೊಬ್ಬಳನ್ನು ಉಳಿಸಿಕೊಳ್ಳಲಾಗಲಿಲ್ಲ, ಹೊರಗೆ ಕೆರಳಿದ ಜನ ನಿಂತಿದ್ದರು...

“ಎಲ್ಲರೂ ಹೇಳಿದರು, ಸರ್, ಹೋಗಬೇಡಿ ಅಂತ. ನಾನು ಹೋದೆ. ಆ ತಾಯಿಯ ಎದುರು ನೆಲದ ಮೇಲೆ ಕೂತೆ.”

ಡಾಕ್ಟ್ರಮ್ಮ ಕೂತ ನೆಲವನ್ನೂ ಬಿಟ್ಟಿರಲಿಲ್ಲ. ಅವರು ಮೆಟ್ಟಿಲ ಮೇಲೆಲ್ಲೋ ನಿಂತು ಎಲ್ಲ ನೋಡಿದ್ದರು, ಕೇಳಿಸಿಕೊಂಡಿದ್ದರು, ಆಮೇಲೆ ಹೋಗಿ ಚಿಲಕ ಹಾಕಿಕೊಂಡಿದ್ದರು ಎಂದಾಯಿತು.

“ಆ ತಾಯಿ ಕೇಳಿದಳು, ನನ್ನ ಮಗಳು ಮಗುವಿನ ಮುಖ ನೋಡಿದಳಾ ಅಂತ. ನಾನು ಅವಳ ಕೈ ಹಿಡಿದು ಹೇಳಿದೆ, ನೋಡಿದಳು ತಾಯಿ, ನೋಡಿ ನಕ್ಕಳು.”

ಅವರು ಕಣ್ಣು ಒರೆಸಿಕೊಂಡರು. ಸಭಾಂಗಣದಲ್ಲಿ ಅಲ್ಲಲ್ಲಿ ಮೂಗು ಎಳೆದುಕೊಳ್ಳುವ ಸದ್ದು. ಆ ದಪ್ಪ ಮ್ಯಾನೇಜರು ಕರವಸ್ತ್ರ ತೆಗೆದ. ನನ್ನ ಪಕ್ಕದ ಚಿಕ್ಕ ಸಿಸ್ಟರೂ ಅಳುತ್ತಿದ್ದಳು. ನಾನು ಎದ್ದು ನಿಂತೆ. ಎದ್ದದ್ದು ನನಗೇ ಆಮೇಲೆ ತಿಳಿಯಿತು.

“ಇಲ್ಲ ಸಾರ್. ನೋಡ್ಲಿಲ್ಲ.”

ತಲೆಗಳು ತಿರುಗಿದವು. ದೊಡ್ಡ ಸರ್ ಕಣ್ಣು ಕಿರಿದು ಮಾಡಿ ಹಿಂದಿನ ಸಾಲಿನತ್ತ ನೋಡಿದರು. ಗುರುತು ಹತ್ತಿತು. ಮುಖದ ಮೇಲಿನ ನಗು ಒಂದಿಷ್ಟೂ ಅಲುಗಲಿಲ್ಲ.

“ಏನ್ ತಾಯಿ, ಊಟ ಆಯ್ತಾ?”

ಸಭೆ ಗೊಳ್ಳೆಂದು ನಕ್ಕಿತು. ಅಳುತ್ತಿದ್ದವರೂ ನಕ್ಕರು. ಇನ್ನೊಂದು ಮೈಕು ಹಿಡಿದಿದ್ದ ಕೋಟಿನ ಹುಡುಗಿ ನನ್ನ ಕಡೆ ಬರಲು ಹೊರಟು, ಅವರ ಮುಖ ನೋಡಿ ನಿಂತುಬಿಟ್ಟಳು.

“ಅವಳು ಮಗು ಮುಖ ನೋಡ್ಲೇ ಇಲ್ಲ ಸಾರ್. ನೀವು ನೆಲದ ಮೇಲೆ ಕೂರ್ಲೂ ಇಲ್ಲ. ಕೂತವರು ಸತ್ತುಹೋದರು” ಎಂದೆ. ನಗುವಿನ ನಡುವೆ ಎಷ್ಟು ಜನಕ್ಕೆ ಕೇಳಿಸಿತೋ ಗೊತ್ತಿಲ್ಲ. ಚಪ್ಪಾಳೆ ಶುರುವಾಯಿತು, ಅದು ನನಗಲ್ಲ. ನಾನು ಬ್ಯಾಗು ತೆಗೆದುಕೊಂಡು ಹೊರಗೆ ಬಂದೆ.

ಕೆ.ಆರ್. ನಗರದ ಬಸ್ಸು ಹತ್ತುವ ಹೊತ್ತಿಗೆ ಚಿಕ್ಕ ಸಿಸ್ಟರು ಏದುಸಿರು ಬಿಡುತ್ತಾ ಓಡಿ ಬಂದಳು. ಪಕ್ಕದಲ್ಲಿ ಕೂತು, “ಯಾರು ಮೇಡಂ ಕೂತಿದ್ದು?” ಎಂದು ಕೇಳಿದಳು. ಹೇಳಿದೆ. ಮಾತು ಮುಗಿದಾಗ ಬಸ್ಸು ಊರು ಸೇರಿತ್ತು. ಅವಳು ಇಳಿಯುವಾಗ ಡಬ್ಬಿಯ ಗುಲಾಬಿ ಹತ್ತಿದ ತನ್ನ ದುಪಟ್ಟಾವನ್ನು ಮೂಸಿ ನೋಡಿ ಮುಖ ಸಿಂಡರಿಸಿದಳು.

ಮನೆಗೆ ಬಂದು ಸೀರೆಯನ್ನು ಬಕೀಟಿನಲ್ಲಿ ನೆನೆಹಾಕಿದೆ. ಬಚ್ಚಲಿನಲ್ಲಿ ಒಬ್ಬಳೇ ನಿಂತು, ಆ ಸಭೆಯಲ್ಲಿ ನಾನು ಆಡಿದ ಮಾತನ್ನು ಇನ್ನೊಮ್ಮೆ ಆಡಿ ನೋಡಿದೆ. ಗಟ್ಟಿಯಾಗಿ ಹೇಳಿದ್ದೆನೋ, ಗೊಣಗಿದ್ದೆನೋ... ಯಾವುದೆಂದು ಹೇಳಬೇಕಾದ ಡಾಕ್ಟ್ರಮ್ಮ ಸತ್ತುಹೋಗಿದ್ದಾರೆ.